ಟಯರಿನ ಗಾಳಿಯನ್ನು ಕಾಯುವ ಎರಡು ಕ್ರಮಗಳು

೧. ಪೀಠಿಕೆ

ಮೋಟಾರು ಕಾರು ಎಷ್ಟೇ ದೊಡ್ಡದಾಗಿದ್ದರೂ ಅದು ನೆಲವನ್ನು ಮುಟ್ಟುವದು ನಾಲ್ಕೇ ಸ್ಥಳಗಳಲ್ಲಿ. ಆ ಒಂದೊಂದು ಸ್ಥಳವೂ ಹೆಚ್ಚುಕಡಿಮೆ ಒಂದು ಅಂಗೈಯಷ್ಟೇ ಅಗಲವುಳ್ಳದ್ದು. ಕಾರನ್ನು ಮುಂದಕ್ಕೆ ನೂಕುವ ಬಲ, ತಿರುಗಿಸುವ ಬಲ, ನಿಲ್ಲಿಸುವ ಬಲ, ಇವೆಲ್ಲವೂ ಈ ನಾಲ್ಕು ಅಂಗೈಗಳ ಮೂಲಕವೇ ರಸ್ತೆಯನ್ನು ಸೇರಬೇಕು. ಇಷ್ಟು ಭಾರವನ್ನು ಮುಖ್ಯವಾಗಿ ಹೊತ್ತಿರುವದು ರಬ್ಬರಲ್ಲ, ರಬ್ಬರಿನೊಳಗೆ ಒತ್ತಿ ತುಂಬಿದ ಗಾಳಿಯೇ. ಆದರೆ ಆ ಗಾಳಿಯು ಕಣ್ಣಿಗೆ ಕಾಣುವಂಥದ್ದಲ್ಲ. ಅದು ಕಡಿಮೆಯಾಗುವಾಗ ಸದ್ದು ಮಾಡುವದೂ ಅಪರೂಪ. ಆದಕಾರಣ ಅದನ್ನು ನಮ್ಮ ಪರವಾಗಿ ಕಾಯುವದಕ್ಕೆ ಯಂತ್ರಶಿಲ್ಪಿಗಳು ಎರಡು ಕ್ರಮಗಳನ್ನು ಕಂಡುಹಿಡಿದಿದ್ದಾರೆ.

ನಮ್ಮ ಶಾಲೆಯಲ್ಲಿ ಓದಿದವರಲ್ಲಿ ಅನೇಕರು ಈಗ ತಾವೇ ಕಾರು ನಡಿಸುತ್ತಾರೆ. ಮೇಲಿನ ತರಗತಿಗಳಲ್ಲಿರುವ ಬಾಲಿಕೆಯರೂ ಕೆಲವು ವರ್ಷಗಳಲ್ಲಿ ಲೈಸೆನ್ಸು ಪಡೆಯುವರು. ಚಾಲಕರ ಮುಂದಿನ ಫಲಕದಲ್ಲಿ ಒಂದು ಹಳದಿ ದೀಪ ಹತ್ತಿದಾಗ ಅದರ ಅರ್ಥವೇನೆಂದು ತಿಳಿಯುವದು ಅಗತ್ಯ. ಅದು ಹತ್ತದೆ ಇರುವಾಗ ಅದರ ಅರ್ಥವೇನೆಂದು ತಿಳಿಯುವದು ಅದಕ್ಕಿಂತಲೂ ಅಗತ್ಯವಾದದ್ದು. ಈ ಎರಡನೆಯ ಸಂಗತಿಯನ್ನು ಸ್ಪಷ್ಟಪಡಿಸುವದೇ ಈ ಪಾಠದ ಮುಖ್ಯ ಉದ್ದೇಶವು.

೨. ಗಾಳಿ ಕಡಿಮೆಯಾದರೆ ಏನಾಗುವದು?

ಒಂದು ಕಬ್ಬಿಣದ ತಂತಿಯನ್ನು ಒಂದೇ ಸ್ಥಳದಲ್ಲಿ ಹಿಂದಕ್ಕೂ ಮುಂದಕ್ಕೂ ಬೇಗಬೇಗನೆ ಬಗ್ಗಿಸಿದರೆ ಅದು ಬಿಸಿಯಾಗುವದನ್ನು ನೀವು ಬಲ್ಲಿರಿ. ಟಯರಿನ ಪಕ್ಕದ ಗೋಡೆಗಳಿಗೂ ಇದೇ ಆಗುವದು. ಪ್ರತಿ ಸುತ್ತಿನಲ್ಲಿಯೂ ನೆಲಕ್ಕೆ ತಗಲುವ ಭಾಗವು ಬಾಗಿ ಪುನಃ ನೆಟ್ಟಗಾಗುತ್ತದೆ. ಗಾಳಿ ಸಾಕಷ್ಟಿದ್ದರೆ ಈ ಬಾಗುವಿಕೆ ಸ್ವಲ್ಪವೇ. ಗಾಳಿ ತಗ್ಗಿದರೆ ಅದು ಹೆಚ್ಚುವದು, ಹೆಚ್ಚಿದಷ್ಟೂ ಬಿಸಿಯೂ ಹೆಚ್ಚುವದು. ಬೇಸಿಗೆಯ ಕಾದ ರಸ್ತೆಯಲ್ಲಿ, ತುಂಬ ಭಾರ ಹೊತ್ತು, ಬಹು ವೇಗದಿಂದ ಓಡುವಾಗ ಈ ಬಿಸಿಯು ರಬ್ಬರಿಗೂ ಅದರೊಳಗಿನ ಉಕ್ಕಿನ ತಂತಿಗಳ ಪಟ್ಟಿಗೂ ಇರುವ ಬೆಸುಗೆಯನ್ನು ಬಿಡಿಸಿಬಿಡಬಹುದು. ಆಗ ಟಯರಿನ ಮೇಲಣ ಪಟ್ಟಿಯು ಕಳಚಿಹೋಗಿ ಕಾರು ಚಾಲಕರ ಹತೋಟಿಯನ್ನು ತಪ್ಪುವದು. ಅಲ್ಲದೆ ಗಾಳಿ ಕಡಿಮೆಯಾದ ಟಯರು ಪೆಟ್ರೋಲನ್ನು ಹೆಚ್ಚು ಖರ್ಚು ಮಾಡಿಸುತ್ತದೆ, ಅಂಚುಗಳಲ್ಲಿ ಬೇಗನೆ ಸವೆಯುತ್ತದೆ, ನೀರು ನಿಂತ ರಸ್ತೆಯಲ್ಲಿ ಸುಲಭವಾಗಿ ಹಿಡಿತವನ್ನು ಕಳೆದುಕೊಳ್ಳುತ್ತದೆ.

ಪಂಕ್ಚರು ಆಗದಿದ್ದರೂ ಟಯರಿನ ಗಾಳಿಯು ರಬ್ಬರಿನ ಸೂಕ್ಷ್ಮವಾದ ಸಂದುಗಳ ಮೂಲಕ ತಿಂಗಳಿಗೆ ಸುಮಾರು ಒಂದು ಪೌಂಡಿನಂತೆ ಸೋರಿಹೋಗುತ್ತಿರುವದು. (ಇಲ್ಲಿ ಪೌಂಡು ಎಂದರೆ ಚದರ ಅಂಗುಲಕ್ಕೆ ಇಷ್ಟು ಪೌಂಡು ಒತ್ತಡ ಎಂದು ತಿಳಿಯತಕ್ಕದ್ದು, ಪೆಟ್ರೋಲು ಬಂಕುಗಳಲ್ಲಿ ಹೇಳುವದೂ ಇದೇ ಲೆಕ್ಕವು.) ಈ ಸೋರುವಿಕೆ ನಾಲ್ಕು ಟಯರುಗಳಲ್ಲಿಯೂ ಹೆಚ್ಚುಕಡಿಮೆ ಏಕಪ್ರಕಾರವಾಗಿ ನಡೆಯುವದೆಂಬದನ್ನು ಇಲ್ಲಿಯೇ ನೆನಪಿನಲ್ಲಿಡಿರಿ, ಮುಂದೆ ಇದು ಬಹಳ ಮುಖ್ಯವಾಗುವದು.

ಇನ್ನು ಚಳಿಯ ಪರಿಣಾಮವನ್ನು ನೋಡೋಣ. ಅಮೆರಿಕದ ಡೆಟ್ರಾಯ್ಟ್ ನಗರದಲ್ಲಿ ೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ದಿನ ಒಬ್ಬರು ೩೨ ಪೌಂಡು ಗಾಳಿ ತುಂಬಿಸಿದರೆನ್ನೋಣ. ಚಳಿಗಾಲದಲ್ಲಿ ಉಷ್ಣತೆಯು ಸೊನ್ನೆಗಿಂತ ೫ ಡಿಗ್ರಿ ಕೆಳಗೆ ಇಳಿಯಿತು. ಗೇಜು ತೋರಿಸುವದು ಹೊರಗಿನ ವಾಯುಮಂಡಲದ ಒತ್ತಡಕ್ಕಿಂತ ಒಳಗೆ ಎಷ್ಟು ಹೆಚ್ಚಿದೆ ಎಂಬದನ್ನು ಮಾತ್ರ, ಆದ್ದರಿಂದ ೧೪.೭ ಪೌಂಡನ್ನು ಕೂಡಿಸಿ ೪೬.೭ ಎಂದು ಹಿಡಿಯಬೇಕು. ಉಷ್ಣತೆಯನ್ನು ಕೆಲ್ವಿನ್ ಮಾನಕ್ಕೆ ತಿರುಗಿಸಿದರೆ ೨೯೩ ಮತ್ತು ೨೬೮ ಆಗುವವು. ೪೬.೭ನ್ನು ೨೬೮ರಿಂದ ಗುಣಿಸಿ ೨೯೩ರಿಂದ ಭಾಗಿಸಿದರೆ ಸುಮಾರು ೪೨.೭ ಬರುವದು, ಇದರಿಂದ ೧೪.೭ನ್ನು ಕಳೆದರೆ ಉಳಿಯುವದು ೨೮. ಒಂದು ಮೊಳೆಯೂ ಚುಚ್ಚದೆ, ಒಂದು ಗುಳ್ಳೆಯೂ ಸೋರದೆ, ಚಳಿಯಿಂದಲೇ ೪ ಪೌಂಡು ತಗ್ಗಿತು! ನಿಮ್ಮ ವಿಜ್ಞಾನ ಪುಸ್ತಕದಲ್ಲಿರುವ ಅನಿಲ ನಿಯಮವು ರಸ್ತೆಯ ಮೇಲೆ ಹೀಗೆ ಕೆಲಸ ಮಾಡುತ್ತದೆ.

೩. ಕಾನೂನು ಹುಟ್ಟಿದ ಬಗೆ

ಟಯರಿನ ಒತ್ತಡವನ್ನು ತಿಳಿಸುವ ಸಾಧನವನ್ನು ಮೊದಲಿಗೆ ಅಳವಡಿಸಿಕೊಂಡ ಕಾರುಗಳಲ್ಲಿ ೧೯೮೬ರಲ್ಲಿ ತಯಾರಾದ ಪೋರ್ಷೆ ೯೫೯ ಎಂಬದು ಪ್ರಸಿದ್ಧವಾದದ್ದು. ಬಹುಕಾಲ ಇದು ಶ್ರೀಮಂತರ ಕಾರಿನ ಅಲಂಕಾರವಾಗಿಯೇ ಉಳಿಯಿತು. ಅದನ್ನು ಸಾಮಾನ್ಯರ ಕಾರಿಗೂ ತಂದದ್ದು ಒಂದು ದೊಡ್ಡ ವಿಪತ್ತು.

೨೦೦೦ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಫೈರ್‌ಸ್ಟೋನ್ ಕಂಪೆನಿಯು ಸುಮಾರು ೬೫ ಲಕ್ಷ ಟಯರುಗಳನ್ನು ಹಿಂದಕ್ಕೆ ತೆಗೆದುಕೊಳ್ಳುವದಾಗಿ ಪ್ರಕಟಿಸಿತು. ಇವುಗಳಲ್ಲಿ ಅನೇಕವು ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ಎತ್ತರವಾದ ಕಾರುಗಳಿಗೆ ಹಾಕಿದವುಗಳಾಗಿದ್ದವು. ಓಡುತ್ತಿರುವಾಗಲೇ ಟಯರಿನ ಮೇಲ್ಪಟ್ಟಿ ಕಳಚಿ ಕಾರುಗಳು ಮಗುಚಿಬಿದ್ದವು. ಇಂಥ ಅಪಘಾತಗಳಲ್ಲಿ ೨೭೦ಕ್ಕೂ ಹೆಚ್ಚು ಜನರು ಪ್ರಾಣ ಕಳಕೊಂಡರೆಂದು ಅಲ್ಲಿಯ ಸರಕಾರಕ್ಕೆ ವರದಿಗಳು ಬಂದವು. ದೋಷವು ಟಯರಿನದೋ, ಕಾರಿನದೋ, ತುಂಬಬೇಕೆಂದು ಸೂಚಿಸಿದ ಕಡಿಮೆ ಒತ್ತಡದ್ದೋ ಎಂದು ಎರಡು ಕಂಪೆನಿಗಳೂ ವಾದಿಸಿದವು. ಫೋರ್ಡಿನವರು ೨೬ ಪೌಂಡು ಸಾಕೆಂದು ಸೂಚಿಸಿದ್ದರು. ಫೈರ್‌ಸ್ಟೋನಿನವರು ೩೦ ಬೇಕೆಂದರು. ಅದೇ ವರ್ಷ ನವೆಂಬರ್ ೧ರಂದು ಅಧ್ಯಕ್ಷ ಕ್ಲಿಂಟನ್ನರು ಟ್ರೆಡ್ ಆಕ್ಟ್ ಎಂಬ ಶಾಸನಕ್ಕೆ ಸಹಿ ಹಾಕಿದರು. ಯಾವದೇ ಟಯರಿನಲ್ಲಿ ಗಾಳಿಯು ಬಹಳ ಕಡಿಮೆಯಾದಾಗ ಚಾಲಕರಿಗೆ ತಿಳಿಸುವ ಸಾಧನವು ಹೊಸ ಕಾರುಗಳಲ್ಲಿ ಇರತಕ್ಕದ್ದೆಂದು ಆ ಶಾಸನವು ವಿಧಿಸಿತು. ಆದರೆ ಎಂಥ ಸಾಧನ? ಇಲ್ಲಿಂದಲೇ ಎರಡು ಕ್ರಮಗಳ ಹೋಲಿಕೆಯು ಪ್ರಾರಂಭವಾಗುವದು.

೪. ಪ್ರತ್ಯಕ್ಷ ಕ್ರಮ

ನಮ್ಮ ಪೂರ್ವಿಕ ತರ್ಕಶಾಸ್ತ್ರಜ್ಞರು ತಿಳಿಯುವ ದಾರಿಗಳಲ್ಲಿ ಪ್ರತ್ಯಕ್ಷವೆಂದೂ ಅನುಮಾನವೆಂದೂ ಭೇದ ಮಾಡಿದ್ದಾರೆ. ಬೆಂಕಿಯನ್ನು ಕಣ್ಣಾರೆ ಕಂಡು ಬೆಂಕಿಯಿದೆ ಎನ್ನುವದು ಪ್ರತ್ಯಕ್ಷ. ಬೆಟ್ಟದ ಮೇಲಣ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿರಬೇಕು ಎನ್ನುವದು ಅನುಮಾನ. ಟಯರಿನ ಗಾಳಿಯನ್ನು ಕಾಯುವ ಎರಡು ಕ್ರಮಗಳಿಗೂ ಇದೇ ಭೇದವಿದೆ.

ಪ್ರತ್ಯಕ್ಷ ಕ್ರಮದಲ್ಲಿ ಪ್ರತಿಯೊಂದು ಚಕ್ರದ ಒಳಗೂ, ಸಾಮಾನ್ಯವಾಗಿ ಗಾಳಿ ತುಂಬುವ ವಾಲ್ವಿನ ಬುಡದಲ್ಲಿ, ಒಂದು ಚಿಕ್ಕ ಸೆನ್ಸರು ಇರುವದು. ಅದರೊಳಗೆ ಸಿಲಿಕಾನಿನ ಅತಿ ತೆಳುವಾದ ಪೊರೆಯೊಂದುಂಟು. ಗಾಳಿಯ ಒತ್ತಡಕ್ಕೆ ತಕ್ಕಂತೆ ಆ ಪೊರೆಯು ಬಾಗುತ್ತದೆ. ಬಾಗಿದಂತೆ ಅದರ ವಿದ್ಯುತ್ ಪ್ರತಿರೋಧವು ಬದಲಾಗುತ್ತದೆ. ಆ ಬದಲಾವಣೆಯೇ ಒತ್ತಡದ ಅಳತೆಯಾಗುವದು. ಹೀಗೆ ಅಳೆದದ್ದನ್ನು ಸೆನ್ಸರು ತನ್ನ ಗುರುತಿನ ಸಂಖ್ಯೆಯೊಡನೆ ರೇಡಿಯೋ ಮೂಲಕ ಕಾರಿಗೆ ಕಳುಹಿಸುತ್ತದೆ. ಅಮೆರಿಕದಲ್ಲಿ ಹೆಚ್ಚಾಗಿ ೩೧೫ ಮೆಗಾಹರ್ಟ್ಸ್, ಯೂರೋಪಿನಲ್ಲಿ ೪೩೩ ಮೆಗಾಹರ್ಟ್ಸ್ ಅಲೆಗಳನ್ನು ಇದಕ್ಕೆ ಉಪಯೋಗಿಸುತ್ತಾರೆ.

ಈ ಕ್ರಮದ ಗುಣಗಳು ಸ್ಪಷ್ಟವಾದವುಗಳು. ಇದು ಪ್ರತಿ ಟಯರನ್ನೂ ಪ್ರತ್ಯೇಕವಾಗಿ ಅಳೆಯುವದು. ಅನೇಕ ಕಾರುಗಳಲ್ಲಿ ಯಾವ ಟಯರಿನಲ್ಲಿ ಎಷ್ಟು ಪೌಂಡಿದೆ ಎಂಬ ಸಂಖ್ಯೆಯನ್ನೇ ತೋರಿಸುವದು. ನಾಲ್ಕು ಟಯರುಗಳೂ ಒಟ್ಟಿಗೆ ತಗ್ಗಿದರೂ ಮೋಸಹೋಗದು.

ಇದಕ್ಕೆ ದೋಷಗಳೂ ಉಂಟು. ಸೆನ್ಸರಿನ ಬ್ಯಾಟರಿಯು ಸಾಮಾನ್ಯವಾಗಿ ೫ರಿಂದ ೧೦ ವರ್ಷ ಬಾಳುತ್ತದೆ; ಅದನ್ನು ಅಂಟಿನಲ್ಲಿ ಮುಚ್ಚಿಬಿಟ್ಟಿರುವದರಿಂದ ಬ್ಯಾಟರಿ ತೀರಿದರೆ ಸೆನ್ಸರನ್ನೇ ಬದಲಾಯಿಸಬೇಕು. ಟಯರನ್ನು ರಿಮ್ಮಿನಿಂದ ಬಿಚ್ಚುವಾಗ ಕೈತಪ್ಪಿದರೆ ಅದು ಮುರಿಯುವದು. ಚಕ್ರಗಳ ಸ್ಥಾನ ಬದಲಾಯಿಸಿದರೆ ಯಾವದು ಎಲ್ಲಿದೆ ಎಂಬದನ್ನು ಕೆಲವು ಕಾರುಗಳಿಗೆ ಪುನಃ ಕಲಿಸಬೇಕಾಗುವದು. ಇನ್ನೊಂದು ವಿಚಿತ್ರವಾದ ದೋಷವನ್ನು ೨೦೧೦ರಲ್ಲಿ ಅಮೆರಿಕದ ರಟ್ಗರ್ಸ್ ಹಾಗೂ ಸೌತ್ ಕ್ಯಾರೊಲೈನಾ ವಿಶ್ವವಿದ್ಯಾಲಯಗಳ ಸಂಶೋಧಕರು ತೋರಿಸಿಕೊಟ್ಟರು. ಈ ರೇಡಿಯೋ ಸಂದೇಶವನ್ನು ೪೦ ಮೀಟರು ದೂರದಿಂದ ಬೇರೆಯವರೂ ಕೇಳಬಹುದು. ಸುಳ್ಳು ಸಂದೇಶವನ್ನು ಕಳುಹಿಸಿ ದೀಪವನ್ನು ಹತ್ತಿಸಲೂಬಹುದು. ಗುರುತಿನ ಸಂಖ್ಯೆಯನ್ನು ಕೂಗುತ್ತಾ ಹೋಗುವ ಕಾರು ತನ್ನ ಯಜಮಾನರ ಸಂಚಾರವನ್ನೂ ಹೊರಗೆಡಹಬಹುದಷ್ಟೆ.

೫. ಪರೋಕ್ಷ ಕ್ರಮ

ಪರೋಕ್ಷ ಕ್ರಮದಲ್ಲಿ ಟಯರಿನ ಒಳಗೆ ಯಾವ ಸಾಧನವೂ ಇರುವದಿಲ್ಲ. ಬ್ರೇಕು ಒತ್ತಿದಾಗ ಚಕ್ರಗಳು ಬಿಗಿದು ಜಾರದಂತೆ ತಡೆಯುವ ಎ.ಬಿ.ಎಸ್. ಎಂಬ ಏರ್ಪಾಡಿನಲ್ಲಿ ಪ್ರತಿ ಚಕ್ರದ ವೇಗವನ್ನೂ ಎಣಿಸುವ ಸಾಧನಗಳು ಮೊದಲೇ ಇವೆ. ಆ ಎಣಿಕೆಯಿಂದಲೇ ಗಾಳಿಯ ಸ್ಥಿತಿಯನ್ನು ಊಹಿಸುವದು ಈ ಕ್ರಮದ ತಿರುಳು.

ಅದು ಹೇಗೆಂದರೆ, ಗಾಳಿ ಕಡಿಮೆಯಾದ ಚಕ್ರವು ಸ್ವಲ್ಪ ಕುಗ್ಗಿ ಚಿಕ್ಕ ಚಕ್ರದಂತೆ ವರ್ತಿಸುತ್ತದೆ. ಚಿಕ್ಕ ಚಕ್ರವು ಅಷ್ಟೇ ದೂರಕ್ಕೆ ಹೆಚ್ಚು ಸುತ್ತು ಸುತ್ತಬೇಕು. ಲೆಕ್ಕ ಮಾಡಿ ನೋಡಿರಿ: ಉರುಳುವ ತ್ರಿಜ್ಯವು ೩೦೦ ಮಿಲಿಮೀಟರು ಇದ್ದರೆ ಒಂದು ಕಿಲೋಮೀಟರಿಗೆ ಸುಮಾರು ೫೩೦.೫ ಸುತ್ತುಗಳಾಗುವವು. ಅದು ೨೯೯ಕ್ಕೆ ಇಳಿದರೆ ಸುಮಾರು ೫೩೨.೩ ಸುತ್ತುಗಳು. ಅಂದರೆ ಒಂದು ಕಿಲೋಮೀಟರಿಗೆ ಎರಡು ಸುತ್ತಿಗಿಂತಲೂ ಕಡಿಮೆಯಾದ ಅಂತರ! ಇಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ಈ ಯಂತ್ರವು ಹಿಡಿಯಬೇಕು.

ತಿರುವಿನಲ್ಲಿ ಹೊರಬದಿಯ ಚಕ್ರಗಳು ಒಳಬದಿಯವುಗಳಿಗಿಂತ ಹೆಚ್ಚು ದೂರ ಓಡುವದರಿಂದ ಸುಮ್ಮನೆ ಒಂದನ್ನೊಂದು ಹೋಲಿಸಿದರೆ ತಪ್ಪಾಗುವದು. ಆದ್ದರಿಂದ ಮುಂದಿನ ಎಡಚಕ್ರವನ್ನೂ ಹಿಂದಿನ ಬಲಚಕ್ರವನ್ನೂ ಕೂಡಿಸಿ ಒಂದು ಮೊತ್ತ, ಮುಂದಿನ ಬಲಚಕ್ರವನ್ನೂ ಹಿಂದಿನ ಎಡಚಕ್ರವನ್ನೂ ಕೂಡಿಸಿ ಇನ್ನೊಂದು ಮೊತ್ತ, ಹೀಗೆ ಎರಡು ಕರ್ಣಗಳನ್ನು ಹೋಲಿಸುವ ಉಪಾಯವನ್ನು ಮಾಡಿದರು. ಪ್ರತಿ ಕರ್ಣದಲ್ಲಿಯೂ ಒಂದು ಹೊರಚಕ್ರ, ಒಂದು ಒಳಚಕ್ರ ಇರುವದರಿಂದ ತಿರುವಿನ ಭೇದವು ಬಹುಮಟ್ಟಿಗೆ ಕಳೆದುಹೋಗುವದು. ಉಳಿದ ಅಂತರವು ಗಾಳಿ ತಗ್ಗಿದ್ದರ ಗುರುತು.

ಉಪಾಯವೇನೋ ಚೆನ್ನಾಗಿದೆ, ಖರ್ಚೂ ಕಡಿಮೆ. ಆದರೆ ವಿದ್ಯಾರ್ಥಿನಿಯರೇ, ಸ್ವಲ್ಪ ಯೋಚಿಸಿರಿ: ನಾಲ್ಕು ಚಕ್ರಗಳಲ್ಲಿಯೂ ಗಾಳಿ ಸಮವಾಗಿ ತಗ್ಗಿದರೆ? ಎರಡು ಮೊತ್ತಗಳೂ ಸಮವಾಗಿ ಹೆಚ್ಚುವವು, ಅಂತರವು ಸೊನ್ನೆಯೇ, ದೀಪವು ಹತ್ತುವದಿಲ್ಲ. ಮುಂದಿನ ಎರಡೇ ತಗ್ಗಿದರೂ, ಒಂದು ಪಕ್ಕದ ಎರಡೇ ತಗ್ಗಿದರೂ ಫಲವು ಹಾಗೆಯೇ. ತರಗತಿಯಲ್ಲಿ ಎಲ್ಲರೂ ಒಂದೇ ತಪ್ಪನ್ನು ಬರೆದರೆ ಒಬ್ಬರದನ್ನೊಬ್ಬರು ನೋಡಿ ತಿದ್ದಿಕೊಳ್ಳುವದು ಹೇಗೆ ಸಾಧ್ಯವಿಲ್ಲವೋ ಹಾಗೆಯೇ ಇದು. ಮಾಲಿಕರ ಅಲಕ್ಷ್ಯದಿಂದ ಗಾಳಿ ಇಳಿಯುವ ಸಾಮಾನ್ಯ ರೀತಿಯು ಇದೇ ಎಂದು ಹಿಂದೆ ಹೇಳಿದೆವಷ್ಟೆ. ೩೨ ಪೌಂಡಿನ ಟಯರುಗಳು ತಿಂಗಳಿಗೊಂದು ಪೌಂಡಿನಂತೆ ಇಳಿದು ಎಂಟು ತಿಂಗಳಲ್ಲಿ ೨೪ಕ್ಕೆ ಬಂದರೂ ಕರ್ಣಗಳನ್ನು ಮಾತ್ರ ಹೋಲಿಸುವ ಯಂತ್ರವು ಎಲ್ಲವೂ ಕ್ಷೇಮವೆಂದೇ ತಿಳಿಯುವದು.

೬. ನ್ಯಾಯಸ್ಥಾನದ ಮುಂದೆ

ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯು ೨೦೦೨ರಲ್ಲಿ ಪ್ರಕಟಿಸಿದ ನಿಯಮವು ಕಾರು ತಯಾರಿಸುವವರಿಗೆ ಎರಡು ದಾರಿಗಳನ್ನು ಬಿಟ್ಟಿತು. ಒಂದು, ನಾಲ್ಕರಲ್ಲಿ ಎಷ್ಟು ಟಯರುಗಳು ಶೇಕಡ ೨೫ರಷ್ಟು ತಗ್ಗಿದರೂ ಎಚ್ಚರಿಸುವದು. ಇನ್ನೊಂದು, ಯಾವದಾದರೂ ಒಂದೇ ಟಯರು ಶೇಕಡ ೩೦ರಷ್ಟು ತಗ್ಗಿದಾಗ ಎಚ್ಚರಿಸುವದು. ಎರಡನೆಯ ದಾರಿಯು ಅಂದಿನ ಪರೋಕ್ಷ ಕ್ರಮಕ್ಕೆ ಅನುಕೂಲವಾಗಿತ್ತು. ಅದು ಅಗ್ಗವಾದದ್ದರಿಂದ ಎ.ಬಿ.ಎಸ್. ಬ್ರೇಕುಗಳು ಹೆಚ್ಚು ಕಾರುಗಳಿಗೆ ಹರಡುವವೆಂದು ಸರಕಾರದ ಆಯವ್ಯಯ ಕಚೇರಿಯವರು ಅದರ ಪರವಾಗಿ ವಾದಿಸಿದ್ದರು. ಈ ವಾದವು ಕೇವಲ ಹುಸಿಯಾದದ್ದಲ್ಲ; ಒಳ್ಳೆಯ ಬ್ರೇಕೂ ಪ್ರಾಣವನ್ನು ಉಳಿಸುವದಷ್ಟೆ.

ಆದರೆ ಪಬ್ಲಿಕ್ ಸಿಟಿಜನ್ ಮೊದಲಾದ ಬಳಕೆದಾರರ ಸಂಘಗಳು ಮೊಕದ್ದಮೆ ಹೂಡಿದವು. ೨೦೦೩ರ ಆಗಸ್ಟ್ ತಿಂಗಳಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಸ್ಥಾನವು ಎರಡನೆಯ ದಾರಿಯನ್ನು ತಳ್ಳಿಹಾಕಿತು. ಟಯರಿನಲ್ಲಿ ಗಾಳಿ ಬಹಳ ತಗ್ಗಿದಾಗ ತಿಳಿಸಬೇಕೆಂದು ಶಾಸನವು ಹೇಳಿರುವಾಗ, ಅದರ ಅರ್ಥ ಯಾವ ಟಯರು ತಗ್ಗಿದರೂ ತಿಳಿಸಬೇಕೆಂದೇ. ಕೆಲವು ಸಂದರ್ಭಗಳಲ್ಲಿ ಮಾತ್ರ ತಿಳಿಸಿದರೆ ಸಾಲದೆಂದು ತೀರ್ಪಾಯಿತು. ವ್ಯಾಕರಣ ಪಾಠವು ಒಣಕಾರ್ಯವೆಂದು ಬೇಸರಪಡುವ ಬಾಲಿಕೆಯರು ಇದನ್ನು ಗಮನಿಸಲಿ: ಒಂದು ಚಿಕ್ಕ ವಾಕ್ಯವನ್ನು ಸರಿಯಾಗಿ ಓದುವದರ ಮೇಲೆ ಲಕ್ಷಾಂತರ ಕಾರುಗಳ ರಚನೆಯೇ ನಿಂತಿತ್ತು.

ಅದರಂತೆ ೨೦೦೫ರಲ್ಲಿ ಹೊಸ ನಿಯಮವು ಬಂದಿತು. ಒಂದಾಗಲಿ ನಾಲ್ಕಾಗಲಿ, ಟಯರುಗಳು ನಿಗದಿಯಾದ ಒತ್ತಡಕ್ಕಿಂತ ಶೇಕಡ ೨೫ರಷ್ಟು ತಗ್ಗಿದರೆ ೨೦ ನಿಮಿಷಗಳೊಳಗೆ ದೀಪ ಹತ್ತಬೇಕು. ೨೦೦೭ರ ಸೆಪ್ಟೆಂಬರ್ ೧ರಿಂದ ಅಲ್ಲಿ ತಯಾರಾಗುವ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯವಾಯಿತು. ಇದರಿಂದ ವರ್ಷಕ್ಕೆ ಸುಮಾರು ೧೨೦ ಪ್ರಾಣಗಳು ಉಳಿಯುವವೆಂದು ಇಲಾಖೆಯು ಅಂದಾಜು ಮಾಡಿತ್ತು. ಇಂಥ ಸಾಧನವಿರುವ ಕಾರುಗಳಲ್ಲಿ ಗಾಳಿ ತೀರ ತಗ್ಗಿದ ಟಯರು ಇರುವ ಸಂಭವವು ಅರ್ಧಕ್ಕಿಂತ ಹೆಚ್ಚು ಇಳಿದಿದೆ ಎಂದು ಅದೇ ಇಲಾಖೆಯು ೨೦೧೨ರಲ್ಲಿ ಪ್ರಕಟಿಸಿದ ಪರಿಶೀಲನೆಯಿಂದ ತಿಳಿದುಬಂದಿತು.

೭. ಪರೋಕ್ಷ ಕ್ರಮದ ತಿದ್ದುಪಡಿ

ಸೋತವರು ಸುಮ್ಮನಿರಲಿಲ್ಲ. ವೀಣೆಯ ತಂತಿಯನ್ನು ಸಡಿಲಿಸಿದರೆ ಶ್ರುತಿ ಇಳಿಯುವದನ್ನು ನೀವು ಕೇಳಿದ್ದೀರಿ. ಗಾಳಿ ತುಂಬಿದ ಟಯರೂ ಒಂದು ಬಗೆಯ ಸ್ಪ್ರಿಂಗು. ರಸ್ತೆಯ ಒರಟಿನಿಂದ ಅದು ಸೆಕೆಂಡಿಗೆ ಸುಮಾರು ನಾಲ್ವತ್ತು ಸಲದ ಆಸುಪಾಸಿನಲ್ಲಿ ತನ್ನದೇ ಆದ ಕಂಪನವನ್ನು ಹೊಂದುವದು. ಗಾಳಿ ತಗ್ಗಿದರೆ ಈ ಕಂಪನದ ಶ್ರುತಿಯೂ ಇಳಿಯುವದು. ಚಕ್ರದ ವೇಗದ ಎಣಿಕೆಯಲ್ಲಿ ಅಡಗಿರುವ ಈ ಕಂಪನವನ್ನು ಗಣಿತದಿಂದ ಬೇರ್ಪಡಿಸಿ ತೆಗೆಯುವ ವಿದ್ಯೆಯನ್ನು ಸ್ವೀಡನ್ ದೇಶದ ಲಿಂಚೋಪಿಂಗ್ ನಗರದ ನೀರಾ ಡೈನಾಮಿಕ್ಸ್ ಮೊದಲಾದ ಸಂಸ್ಥೆಗಳು ಬೆಳೆಸಿದವು. ಪ್ರತಿ ಚಕ್ರದ ಶ್ರುತಿಯನ್ನೂ ಅದರ ಹಿಂದಿನ ಶ್ರುತಿಯೊಡನೆಯೇ ಹೋಲಿಸುವದರಿಂದ ನಾಲ್ಕೂ ಒಟ್ಟಿಗೆ ತಗ್ಗಿದರೂ ತಿಳಿಯುವದು ಈಗ ಸಾಧ್ಯವಾಗಿದೆ. ಯೂರೋಪಿನಲ್ಲಿ ೨೦೧೨ರ ನವೆಂಬರಿನಿಂದ ಹೊಸ ಮಾದರಿಯ ಕಾರುಗಳಿಗೂ ೨೦೧೪ರ ನವೆಂಬರಿನಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ ಇಂಥ ಸಾಧನವು ಕಡ್ಡಾಯವಾದಾಗ ಅನೇಕ ತಯಾರಕರು ಈ ತಿದ್ದಿದ ಪರೋಕ್ಷ ಕ್ರಮವನ್ನೇ ಆರಿಸಿಕೊಂಡರು.

ಆದರೂ ಅನುಮಾನವು ಅನುಮಾನವೇ. ಇದು ಕಾರು ಓಡುತ್ತಿರುವಾಗ ಮಾತ್ರ ತಿಳಿಯುವದು. ಪೌಂಡಿನ ಸಂಖ್ಯೆಯನ್ನು ಹೇಳಲಾರದು. ಬೇರೆ ಬೇರೆ ಜಾತಿಯ ಟಯರುಗಳನ್ನು ಬೆರಸಿ ಹಾಕಿದರೆ ಗಲಿಬಿಲಿಗೊಳ್ಳುವದು. ಎಲ್ಲಕ್ಕಿಂತ ಮುಖ್ಯವಾದದ್ದು, ಗಾಳಿ ತುಂಬಿದ ಮೇಲೆ ಒಂದು ಗುಂಡಿಯನ್ನು ಒತ್ತಿ ಇದೇ ಸರಿಯಾದ ಸ್ಥಿತಿ ಎಂದು ನಾವೇ ಅದಕ್ಕೆ ಹೇಳಬೇಕು. ಗಾಳಿ ತುಂಬದೆ, ಹತ್ತಿದ ದೀಪದ ಕಾಟವನ್ನು ತಪ್ಪಿಸಿಕೊಳ್ಳುವದಕ್ಕಾಗಿ ಆ ಗುಂಡಿಯನ್ನು ಒತ್ತಿದರೆ ಏನಾಗುವದು? ತಗ್ಗಿದ ಗಾಳಿಯನ್ನೇ ಸರಿಯೆಂದು ಯಂತ್ರವು ನಂಬುವದು. ಸುಳ್ಳು ಪಾಠವನ್ನು ಕಲಿಸಿದವರಿಗೆ ಅದು ಸುಳ್ಳು ಉತ್ತರವನ್ನೇ ಒಪ್ಪಿಸುವದು.

೮. ನಮ್ಮ ದೇಶದಲ್ಲಿ

ಭಾರತದಲ್ಲಿ ೨೦೨೦ರಲ್ಲಿ ಮೋಟಾರು ವಾಹನ ನಿಯಮಗಳಿಗೆ ಒಂದು ತಿದ್ದುಪಡಿಯಾಯಿತು. ಟ್ಯೂಬಿಲ್ಲದ ಟಯರು, ಗಾಳಿಯ ಒತ್ತಡವನ್ನು ತಿಳಿಸುವ ಸಾಧನ, ಪಂಕ್ಚರು ಸರಿಮಾಡುವ ಸಾಮಾನು, ಈ ಮೂರೂ ಇದ್ದರೆ ಮೂರೂವರೆ ಟನ್ನಿನವರೆಗಿನ ಪ್ರಯಾಣಿಕರ ಕಾರುಗಳಲ್ಲಿ ಸ್ಟೆಪ್ನಿ ಇರಲೇಬೇಕೆಂಬ ಕಟ್ಟಳೆಯಿಲ್ಲ. ಆದ್ದರಿಂದ ನಿಮ್ಮ ಮನೆಯ ಹೊಸ ಕಾರಿನಲ್ಲಿ ಐದನೆಯ ಚಕ್ರವಿದೆಯೋ, ಅಥವಾ ಅದರ ಬದಲಿಗೆ ಒಂದು ಹಳದಿ ದೀಪವನ್ನು ನಂಬಿ ನೀವು ಘಾಟಿ ಹತ್ತಬೇಕಾಗಿದೆಯೋ ಎಂಬದನ್ನು ಮೊದಲೇ ನೋಡಿಕೊಳ್ಳುವದು ವಿವೇಕ.

೯. ನಮ್ಮ ಕರ್ತವ್ಯ

ಎರಡು ಕ್ರಮಗಳಲ್ಲಿ ಯಾವದು ಮೇಲು? ಸಂಖ್ಯೆ ತಿಳಿಯಬೇಕೆನ್ನುವವರಿಗೆ ಪ್ರತ್ಯಕ್ಷ ಕ್ರಮವೇ ಮೇಲು. ಖರ್ಚು ಕಡಿಮೆಯಿರಲಿ, ಒಳಗೆ ಕೆಡುವಂಥದ್ದು ಇರದಿರಲಿ ಎನ್ನುವವರಿಗೆ ತಿದ್ದಿದ ಪರೋಕ್ಷ ಕ್ರಮವು ಸಾಕು. ಆದರೆ ಎರಡಕ್ಕೂ ಅನ್ವಯಿಸುವ ಮಾತೊಂದುಂಟು. ಶೇಕಡ ೨೫ರ ನಿಯಮದಲ್ಲಿ ೩೨ ಪೌಂಡಿನ ಟಯರು ೨೪ಕ್ಕೆ ಇಳಿಯುವವರೆಗೆ ದೀಪ ಹತ್ತಲೇಬೇಕೆಂದಿಲ್ಲ. ೨೫ ಪೌಂಡಿನಲ್ಲಿ ದೀಪವು ಆರಿಯೇ ಇರಬಹುದು. ಟಯರು ಮಾತ್ರ ಒಳಗೊಳಗೇ ಕಾಯುತ್ತಿರುವದು. ದೀಪ ಹತ್ತುವದು ಅಪಾಯದ ಸಾಕ್ಷಿ. ದೀಪ ಹತ್ತದಿರುವದು ಕ್ಷೇಮದ ಸಾಕ್ಷಿಯಲ್ಲ.

ಆದಕಾರಣ ಈ ಕೆಳಗಿನವುಗಳನ್ನು ಅಭ್ಯಾಸ ಮಾಡಿಕೊಳ್ಳಿರಿ. ತಿಂಗಳಿಗೊಮ್ಮೆ, ಮತ್ತು ದೂರ ಪ್ರಯಾಣದ ಮುಂಚೆ, ಟಯರುಗಳು ತಣ್ಣಗಿರುವಾಗ ಗೇಜಿನಿಂದ ಅಳೆದು ನೋಡಿರಿ, ಸ್ಟೆಪ್ನಿಯನ್ನು ಮರೆಯಬೇಡಿರಿ. ತುಂಬಬೇಕಾದ ಒತ್ತಡವನ್ನು ಸಾಮಾನ್ಯವಾಗಿ ಚಾಲಕರ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿರುತ್ತಾರೆ. ಟಯರಿನ ಪಕ್ಕದಲ್ಲಿ ಅಚ್ಚೊತ್ತಿದ ಗರಿಷ್ಠ ಸಂಖ್ಯೆಯು ಅದಲ್ಲ. ಓಡಿ ಬಿಸಿಯಾದ ಟಯರಿನಲ್ಲಿ ಒತ್ತಡ ಹೆಚ್ಚು ಕಂಡಿತೆಂದು ಗಾಳಿ ಬಿಡಬೇಡಿರಿ. ಕುದುರೆಯ ಲಾಳದಂಥ ಆಕಾರದೊಳಗೆ ಆಶ್ಚರ್ಯಸೂಚಕ ಚಿಹ್ನೆಯಿರುವ ದೀಪವು ಓಡುವಾಗ ಹತ್ತಿದರೆ, ಬ್ರೇಕನ್ನು ಥಟ್ಟನೆ ಒತ್ತದೆ, ಮೆಲ್ಲಗೆ ವೇಗವಿಳಿಸಿ, ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ, ನಾಲ್ಕನ್ನೂ ನೋಡಿರಿ. ಕಾರು ಹೊರಡಿಸಿದಾಗ ಅದು ಒಂದು ನಿಮಿಷದಷ್ಟು ಕಾಲ ಮಿನುಗಿ ಬಳಿಕ ಸ್ಥಿರವಾಗಿ ನಿಂತರೆ, ಕಾಯುವ ಸಾಧನವೇ ಕೆಟ್ಟಿದೆಯೆಂದು ತಿಳಿದು ದುರಸ್ತಿ ಮಾಡಿಸಿರಿ.

ಕಾವಲುಗಾರನಿದ್ದಾನೆಂದು ಮನೆಯ ಬಾಗಿಲನ್ನು ತೆರೆದಿಟ್ಟು ಮಲಗುವವರಿಲ್ಲ. ದೀಪವು ಕಾವಲುಗಾರನು, ಗೇಜು ಹಿಡಿದ ನಿಮ್ಮ ಕೈಯೇ ಬಾಗಿಲಿನ ಅಗುಳಿಯು. ಎರಡೂ ಬೇಕು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

(೧) ಪ್ರತ್ಯಕ್ಷ, ಪರೋಕ್ಷ ಕ್ರಮಗಳಿಗಿರುವ ಭೇದವನ್ನು ಎರಡು ವಾಕ್ಯಗಳಲ್ಲಿ ಹೇಳಿರಿ.
(೨) ಕರ್ಣಗಳನ್ನು ಹೋಲಿಸುವ ಯಂತ್ರವು ಯಾವ ಮೂರು ಸಂದರ್ಭಗಳಲ್ಲಿ ಮೋಸಹೋಗುವದು? ಚಿತ್ರ ಬರೆದು ತೋರಿಸಿರಿ.
(೩) ನಿಗದಿಯಾದ ಒತ್ತಡವು ೩೬ ಪೌಂಡಾದರೆ ಶೇಕಡ ೨೫ರ ನಿಯಮದಂತೆ ದೀಪವು ಎಷ್ಟರಲ್ಲಿ ಹತ್ತಬೇಕು?
(೪) ಗಾಳಿ ತುಂಬದೆ ಗುಂಡಿ ಒತ್ತುವದು ಏಕೆ ಅಪಾಯಕರ?
(೫) ನಿಮ್ಮ ಮನೆಯ ಅಥವಾ ನೆರೆಮನೆಯ ಕಾರಿನ ಬಾಗಿಲಿನ ಚೌಕಟ್ಟನ್ನು ನೋಡಿ, ಮುಂದಿನ ಹಿಂದಿನ ಟಯರುಗಳಿಗೆ ಬೇಕಾದ ಒತ್ತಡವನ್ನು ಬರೆದುಕೊಂಡು ಬನ್ನಿರಿ.